ಪಕ್ಕದ ಸೀಟು

ಮಾರ್ಚ್ 3, ಸಂಜೆ

ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಯಾರ ಹತ್ತಿರ ಕೇಳುತ್ತಿದ್ದೇನೋ ಗೊತ್ತಿಲ್ಲ. ಮೋಡಗಳ ಬಗ್ಗೆ ಎರಡು ಚಾಪ್ಟರ್ ಓದಬೇಕಾದ ಹೊತ್ತು ಇದು. ನಾಳೆ ಟೆಸ್ಟ್. ಆದರೆ ಪುಸ್ತಕ ತೆರೆದರೆ ರನ್‌ವೇಯೇ ಕಾಣುತ್ತದೆ, ಬರೆದರೆ ಹೋದೀತು ಅಂತ...

ಇವತ್ತೂ ಲ್ಯಾಂಡಿಂಗ್ ಕೆಟ್ಟಿತು. ವಿಮಾನ ಕಪ್ಪೆಯ ಹಾಗೆ ಕುಪ್ಪಳಿಸಿತು. ಪಕ್ಕದ ಸೀಟಿನಲ್ಲಿ ತಾತ. ತಾತ ಅಂದರೆ ನನ್ನ ಇನ್‌ಸ್ಟ್ರಕ್ಟರ್. ಎದುರಿಗೆ ಸರ್, ಬೆನ್ನ ಹಿಂದೆ ನಮಗೆಲ್ಲ ತಾತ. ಬೈಯಲಿಲ್ಲ.

"ಕಂಟ್ರೋಲ್‌ನ ಕೋಳಿಮರಿ ಹಿಡಿದ ಹಾಗೆ ಹಿಡೀಬೇಕು ಮಗು. ನೀನು ಕತ್ತು ಹಿಸುಕ್ತಾ ಇದ್ದೀಯ."

"ಭಯ ಆಗುತ್ತೆ ಸರ್."

"ಆಗ್ಲಿ. ಭಯ ಇಲ್ಲದೋರ ಪಕ್ಕ ನಾನು ಕೂರಲ್ಲ. ನನಗೂ ಮನೇಲಿ ಹೆಂಡ್ತಿ ಇದ್ದಾಳೆ."

ಮೊದಲು ಸ್ಕೇಲ್ ಸರ್ ಕೈಯಲ್ಲಿದ್ದೆ. ಮಾತಿಗೊಮ್ಮೆ ಮೇಜಿಗೆ ಸ್ಕೇಲ್ ಬಡಿಯುವವರು. ಇಡೀ ಕ್ಲಾಸಿನ ಎದುರು ಅಂದಿದ್ದರು, "ಈ ಹುಡುಗೀನ ಹಾರಿಸೋಕಾಗಲ್ಲ. ಟಿಕೆಟ್ ಕೌಂಟರ್‌ನಲ್ಲಿ ಕೂರಿಸಿ." ಆಗ ತಾತ ತಾವಾಗಿ ಕೇಳಿ ನನ್ನನ್ನು ತೆಗೆದುಕೊಂಡರು. ಬ್ಯಾಚಿನಲ್ಲಿ ಇನ್ನೂ ಸೋಲೋ ಆಗದವರು ಇಬ್ಬರೇ. ನಾನು, ಮತ್ತೆ ರೂಮ್‌ಮೇಟ್ ಗಿಣಿ. ಅವಳೂ ತಾತನ ಶಿಷ್ಯೆಯೇ. ತಿಂಗಳು ಮುಗಿಯುವುದರೊಳಗೆ ಒಬ್ಬಳೇ ಹಾರಿ ಇಳಿಯದಿದ್ದರೆ ಕೋರ್ಸ್ ಮುಗಿಯಿತು. ಮನೆಗೆ.

ಮಾರ್ಚ್ 6

ನಾನೇ ಇಳಿಸಿದೆ. ನಾನೇ.

ರನ್‌ವೇ ಹತ್ತಿರ ಬಂದಾಗ ಗಾಳಿ ಪಕ್ಕಕ್ಕೆ ತಳ್ಳಿತು. ರೆಕ್ಕೆ ವಾಲಿತು. ನನ್ನ ಕೈಲಾಗದು ಅನ್ನಿಸಿ "ಯು ಹ್ಯಾವ್ ಕಂಟ್ರೋಲ್ ಸರ್" ಅಂದೆ — ನೀವು ತೆಗೆದುಕೊಳ್ಳಿ ಅಂತ. ಅವರು "ಐ ಹ್ಯಾವ್ ಕಂಟ್ರೋಲ್" ಅನ್ನುವ ತನಕ ಕೈ ಬಿಡಬಾರದು. ಮೊದಲ ದಿನದ ಪಾಠ. ಅವರು ಅನ್ನಲಿಲ್ಲ. ಮತ್ತೆ ಅಂದೆ. ಇಲ್ಲ. ಅವರ ಕೈ ತೊಡೆಯ ಮೇಲೇ ಇದೆ. ನೆಲ ಎದ್ದು ಬರುತ್ತಿದೆ... ಹೇಗೋ ಇಳಿಯಿತು.

ಹ್ಯಾಂಗರ್ ಕಡೆ ಉರುಳಿಸಿಕೊಂಡು ಬರುವಾಗ ಕೇಳಿದೆ, "ಯಾಕ್ ಸರ್ ತಗೊಳ್ಳಲಿಲ್ಲ?"

ಬೆಲ್ಟ್ ಸಡಿಲಿಸಿಕೊಂಡರು. "ತಗೊಂಡಿದ್ರೆ ನೀನು ಕಲೀತಿದ್ಯಾ?"

ಗಿಣಿಗೆ ಹೇಳಿದೆ. "ತಾತ ಕಿಲಾಡಿ ಕಣೇ. ಬಾವಿಗೆ ತಳ್ಳಿ ಈಜು ಕಲಿಸೋ ಗಿರಾಕಿ" ಅಂದಳು. ಇಬ್ಬರೂ ನಕ್ಕೆವು. ಊಟಕ್ಕೆ ಎರಡು ಸಲ ಬಡಿಸಿಕೊಂಡೆ.

ಮಾರ್ಚ್ 11

ಬರೆಯಬೇಕೋ ಬೇಡವೋ.

ಮೇಲೇರಿದ ಮೇಲೆ ತಾತ ಒಂದು ಮೋಡ ತೋರಿಸಿ ಹೇಳುತ್ತಿದ್ದರು, "ಅದರ ಹೊಟ್ಟೆ ನೋಡು ಮಗು, ಕಪ್ಪಗಿದ್ರೆ—"

ಅಲ್ಲಿಗೇ ನಿಂತಿತು. ಕಾದೆ. ಟವರ್ ನಮ್ಮನ್ನು ಕರೆಯಿತು. ಇವತ್ತು ರೇಡಿಯೋ ಅವರ ಜವಾಬ್ದಾರಿ. ಮಾತಾಡಲಿಲ್ಲ. ಟವರ್ ಮತ್ತೆ ಕರೆಯಿತು. ನಾನೇ ಉತ್ತರ ಕೊಟ್ಟು ಪಕ್ಕಕ್ಕೆ ನೋಡಿದೆ. ಕಣ್ಣು ತೆರೆದೇ ಇತ್ತು. ಬಾಯಿ ಏನನ್ನೋ ಜಗಿಯುವ ಹಾಗೆ ಆಡುತ್ತಿತ್ತು. ಬಾಯಲ್ಲಿ ಏನೂ ಇರಲಿಲ್ಲ. ಭುಜ ಅಲುಗಿಸಿದೆ. ತುಂಬ ಹೊತ್ತಾದ ಮೇಲೆ ನನ್ನತ್ತ ತಿರುಗಿ, ಬಸ್ಸಿನಲ್ಲಿ ಪಕ್ಕ ಕೂತವರನ್ನು ಕೇಳುವ ಹಾಗೆ ಕೇಳಿದರು, "ಎಲ್ಲಿಗೆ ಹೊರಟಿದ್ದೀವಿ?"

"ವಾಪಸ್ ಸರ್" ಅಂದೆ. ತಿರುಗಿಸಿದೆ. ಇಳಿಸಿದೆ.

ಎಂಜಿನ್ ನಿಲ್ಲಿಸಿದ ಮೇಲೂ ಇಬ್ಬರೂ ಇಳಿಯಲಿಲ್ಲ.

"ಬಿಸಿಲು. ಬೆಳಿಗ್ಗೆ ಏನೂ ತಿಂದಿರಲಿಲ್ಲ."

"ಹೂಂ ಸರ್."

"ಜೀವಮಾನ ಎಲ್ಲ ಇದೇ ಆಯ್ತು ಮಗು. ಇದು ಬಿಟ್ರೆ ಸೈಕಲ್‌ಗೆ ಪಂಕ್ಚರ್ ಹಾಕೋಕೂ ಬರಲ್ಲ ನನಗೆ."

ನಗಿಸಲು ಅಂದದ್ದು. ನಗು ಬರಲಿಲ್ಲ. ಯಾರಿಗೂ ಹೇಳಬೇಡ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು, ಸಿಟ್ಟಾದರೂ ಬರುತ್ತಿತ್ತು.

ಆರನೇ ತಾರೀಖೂ ಹೀಗೇ... ಬೇಡ. ಯೋಚಿಸಲಾರೆ.

ಮಾರ್ಚ್ 12

ಗಿಣಿಗೆ ನೆಗಡಿ. ಡಾಕ್ಟರ್ ಒಂದು ವಾರ ಹಾರಬಾರದು ಅಂದಿದ್ದಾರೆ. ಮೂಗು ಕಟ್ಟಿದ್ದಕ್ಕೇ ನೆಲಕ್ಕಿಳಿಸುತ್ತಾರೆ ಇಲ್ಲಿ. ಅವಳು ಅಳುತ್ತಿದ್ದಾಳೆ. ನನಗೆ ಒಳಗೊಳಗೇ ಹಾಯೆನ್ನಿಸಿತು. ಒಂದು ವಾರ ಅವಳು ಆ ವಿಮಾನ ಹತ್ತುವುದಿಲ್ಲ. ಒಂದು ವಾರ ನಾನು ಏನೂ ತೀರ್ಮಾನಿಸಬೇಕಿಲ್ಲ.

ಅಮ್ಮನ ಫೋನ್. "ಅದೇನೋ ಸೋಲೋ ಅಂದ್ಯಲ್ಲ, ಯಾವಾಗ? ನಿಮ್ಮಪ್ಪ ಆಫೀಸಲ್ಲಿ ಜವಾನನಿಂದ ಮ್ಯಾನೇಜರ್ ತನಕ ಡಂಗುರ ಹೊಡ್ಕೊಂಡು ಬಂದಿದ್ದಾರೆ."

"ಅಮ್ಮಾ, ಒಬ್ರಿಗೆ ಹುಷಾರಿಲ್ಲ. ಅವರು ಹೇಳ್ಕೊಳ್ತಿಲ್ಲ. ನನಗೆ ಗೊತ್ತು. ಆಗ?"

"ನಿನಗ್ಯಾಕೆ ಊರ ಉಸಾಬರಿ? ನೀನು ಹುಷಾರಾಗಿದ್ದೀಯ ತಾನೆ? ಸರಿಯಾಗಿ ಉಣ್ತಿದ್ದೀಯ?"

ಆರನೇ ವಯಸ್ಸಿನಿಂದ ಹಾಸ್ಟೆಲ್. ಅಲ್ಲಿ ಕಲಿತ ಧರ್ಮ ಒಂದೇ — ವಾರ್ಡನ್‌ಗೆ ಹೇಳಬಾರದು. ಕದ್ದವಳನ್ನು ಕ್ಷಮಿಸುತ್ತಿದ್ದೆವು. ಚಾಡಿ ಹೇಳಿದವಳ ಜೊತೆ ವರ್ಷವಿಡೀ ಮಾತಿಲ್ಲ. ಇಲ್ಲಿ ವಾರ್ಡನ್ ಅಂದರೆ ಚೀಫ್, ಇನ್‌ಸ್ಟ್ರಕ್ಟರ್‌ಗಳಿಗೆಲ್ಲ ಮೇಲಿನವರು. ಅವರಿಗೆ ಹೇಳಿದರೆ ತಾತ ಮತ್ತೆ ಹಾರುವುದಿಲ್ಲ. ನಾನು ಮತ್ತೆ ಸ್ಕೇಲ್ ಸರ್ ಪಾಲಿಗೆ. ಅಲ್ಲಿಗೆ ನನ್ನದೂ ಮುಗಿಯಿತು.

ಇವೆರಡರಲ್ಲಿ ಯಾವುದಕ್ಕೆ ಹೆದರುತ್ತಿದ್ದೇನೆ? ಪ್ರಾಮಾಣಿಕವಾಗಿ ಬರೆದರೆ... ಎರಡನೆಯದಕ್ಕೆ.

ಮಾರ್ಚ್ 17

ಸೋಲೋ ಆಯಿತು.

ಎಂಜಿನ್ ಓಡುತ್ತಿರುವಾಗಲೇ ತಾತ ಬಾಗಿಲು ತೆರೆದು ಇಳಿದರು. ಖಾಲಿ ಸೀಟಿಗೆ ಬೆಲ್ಟ್ ಬಿಗಿದರು. "ನನ್ನ ತೂಕ ಇರಲ್ಲ, ಬೇಗ ಏರುತ್ತೆ. ಗಾಬರಿಯಾಗಬೇಡ. ಹೋಗಿ ಬಾ."

ಒಂದು ಸುತ್ತು. ಹೊಲಗಳು, ನೀರಿನ ಟ್ಯಾಂಕ್, ರೈಲು ಹಳಿ. ಇಳಿದದ್ದು ಹತ್ತಿ ಇಟ್ಟ ಹಾಗೆ.

ಖಾಲಿ ಸೀಟು ಕಂಡಾಗ ಎದೆ ಝಲ್ಲೆನ್ನುತ್ತದೆ ಅಂತ ಸೀನಿಯರ್‌ಗಳೆಲ್ಲ ಹೇಳಿದ್ದರು. ಕಾದೆ. ಏನೂ ಅನ್ನಿಸಲಿಲ್ಲ. ಯಾಕೆಂದರೆ ಇದು ಮೊದಲನೆಯದಲ್ಲ. ಆರನೇ ತಾರೀಖಿನಂದೂ ಆ ಸೀಟಿನಲ್ಲಿ ಯಾರೂ ಇರಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಕೇಲ್ ಸರ್ ಕೂಡ, "ಸರಿ, ಟಿಕೆಟ್ ಕೌಂಟರ್‌ಗೆ ಬೇರೆ ಯಾರನ್ನಾದ್ರೂ ಹುಡುಕ್ಬೇಕು" ಅಂದರು. ತಾತ ಕೈ ಕುಲುಕಿದರು. ಅಂಗೈ ಒದ್ದೆ. ನಾನು ತಯಾರಾಗಿದ್ದೆ ಅಂತ ಕಳಿಸಿದರೋ, ಬಾಯಿ ಮುಚ್ಚಿಕೊಂಡಿದ್ದಕ್ಕೋ. ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಅವರಿಗಾದರೂ ಗೊತ್ತೋ ಇಲ್ಲವೋ.

ಅಮ್ಮ ಫೋನಿನಲ್ಲಿ ಅತ್ತಳು. ಅಪ್ಪ ಸುಮ್ಮನೆ ಕೆಮ್ಮಿದರು.

ಮಾರ್ಚ್ 19, ಸಂಜೆ ಆರು

ಗಿಣಿಯ ನೆಗಡಿ ವಾಸಿ. ಬೋರ್ಡಿನಲ್ಲಿ ಬರೆದಿದ್ದಾರೆ. ನಾಳೆ ಬೆಳಗಿನ ಮೊದಲ ಫ್ಲೈಟ್, ಅವಳು ಮತ್ತು ತಾತ.

ಮಂಚದ ಮೇಲೆ ಕೂತು, ಪೊರಕೆಯ ಹಿಡಿಯನ್ನೇ ವಿಮಾನದ ಕಂಟ್ರೋಲ್ ಅಂತ ಹಿಡಿದು ಪ್ರಾಕ್ಟೀಸ್ ಮಾಡುತ್ತಿದ್ದಳು. ಗಾಳಿ ತಳ್ಳಿದರೆ ಏನು ಮಾಡುತ್ತೀಯ ಅಂತ ಕೇಳಿದೆ.

"ಮಾಡೋದೇನು? ಯು ಹ್ಯಾವ್ ಕಂಟ್ರೋಲ್ ಅಂದು ಎರಡೂ ಕೈ ಎತ್ತಿಬಿಡ್ತೀನಿ. ತಾತ ಇದ್ದಾರಲ್ಲ."

"ಅವರು ತಗೊಳ್ಳೋ ತನಕ ಬಿಡಬಾರದು ಕಣೇ."

"ಯಾವತ್ತು ತಗೊಂಡಿಲ್ಲ ಅವರು?"

ನಿಜವಾಗಿಯೂ ಎರಡೂ ಕೈ ಎತ್ತಿ ತೋರಿಸಿದಳು. ಪೊರಕೆ ನೆಲಕ್ಕೆ ಬಿತ್ತು.

"ನಾಳೆ ಹೋಗ್ಬೇಡ ಗಿಣಿ."

"ಯಾಕೆ?"

ಬಿದ್ದ ಪೊರಕೆ ಎತ್ತಿ ಮೂಲೆಗಿಟ್ಟೆ.

"ನಿನ್ನದು ಆಯ್ತಲ್ಲ, ಇನ್ನೊಬ್ಬಳದು ಯಾಕಾಗ್ಬೇಕು ಅಂತಾನಾ?" ಅಂದಳು. ಟವೆಲ್ ಎತ್ತಿಕೊಂಡು ಸ್ನಾನಕ್ಕೆ ಹೋದಳು. ತಮಾಷೆಗೆ ಅಂದದ್ದಲ್ಲ.

ಚೀಫ್ ಆಫೀಸಿನ ತನಕ ಹೋದೆ. ಬೀಗ. ರಾತ್ರಿ ಎಂಟಕ್ಕೆ ಬರುತ್ತಾರಂತೆ. ಬೀಗ ನೋಡಿ ಮೊದಲು ಖುಷಿಯಾಯಿತು, ಆಮೇಲೆ ನನ್ನ ಮೇಲೆ ಅಸಹ್ಯ. ತಾತನ ಮನೆಗೆ ಹೋಗುವ ಧೈರ್ಯ ಇಲ್ಲ, ಅವರ ಹೆಂಡತಿ ಬಾಗಿಲು ತೆಗೆಯುತ್ತಾರೆ.

ಮೆಸೇಜ್ ಕಳಿಸಿದೆ. ಕಳಿಸಿದ್ದು ಇದು:

ಸರ್, ಗಿಣಿ ಕೈ ಬಿಟ್ಟುಬಿಡ್ತಾಳೆ. ನನಗಿಂತ ಜಾಸ್ತಿ ನಂಬಿದ್ದಾಳೆ ನಿಮ್ಮನ್ನ. ಇವತ್ತು ರಾತ್ರಿ ಎಂಟು ಗಂಟೆಗೆ ಚೀಫ್ ಬರ್ತಾರೆ. ನೀವೇ ಹೇಳಿ ಸರ್. ನೀವು ಹೇಳದಿದ್ರೆ ನಾನು ಹೇಳ್ತೀನಿ. ಕರೆದ್ರೆ ನಿಮ್ಮ ಜೊತೆ ಒಳಗೆ ಬರ್ತೀನಿ. ದಯವಿಟ್ಟು ಬೇಗ ಉತ್ತರ ಕೊಡಿ.