ನಿನಗೆ ಮಾಫಿ ಆಗಿದೆ

ಜನವರಿ 9
ಹಾಸ್ಟೆಲ್, ಎರಡನೇ ಮಹಡಿ

ಪ್ರೀತಿಯ ಅಪ್ಪನಿಗೆ,

ನಿನ್ನ ಇನ್‌ಸ್ಪೆಕ್ಟರ್ ಮಾಡುವ ನಮಸ್ಕಾರ. ತಲುಪಿದ ದಿನವೇ ಬರೆಯುತ್ತೇನೆಂದು ಹೇಳಿ ಇಷ್ಟು ದಿನ ಮಾಡಿದೆ, ಬೈಯಬೇಡ. ಫೋನಿಗೆ ದುಡ್ಡು ಹಾಕಿಸುವುದನ್ನು ನಿಲ್ಲಿಸಿದ್ದೇನಲ್ಲ, ಈಗ ಅದು ಮಹಾರಾಣಿಯ ಹಾಗೆ, ಯಾರಾದರೂ ಕರೆದರೆ ಮಾತ್ರ ಮಾತಾಡುತ್ತದೆ. ಅದಕ್ಕೇ ಈ ಕಾಗದ. ಕಾಗುಣಿತ ತಪ್ಪಿದ್ದರೆ ನಗಬೇಡ. ನನ್ನನ್ನು ಇಂಗ್ಲಿಷ್ ಹಾಸ್ಟೆಲಿಗೆ ಹಾಕಿದವನು ನೀನೇ.

ನಾನು ಹೊರಡಿಸಿ ಬಂದ ಕಾನೂನುಗಳು ಮನೆಯಲ್ಲಿ ಇನ್ನೂ ಜಾರಿಯಲ್ಲಿವೆಯಾ? ಹಾಲಿನ ಎರಡು ಬಲ್ಬುಗಳಲ್ಲಿ ಒಂದನ್ನು ತೆಗೆದಿಟ್ಟಿದ್ದೇನೆ, ಹುಡುಕಬೇಡ. ಗೀಸರಿನ ಸ್ವಿಚ್ಚಿನ ಮೇಲೆ ಅಂಟಿಸಿದ ಚೀಟಿಯನ್ನು ಕೀಳಬೇಡ. ಫ್ರಿಜ್ ಬಾಗಿಲು ತೆಗೆದುಕೊಂಡು ನಿಲ್ಲುವ ಅಭ್ಯಾಸ ಬಿಡು. "ಅದರಲ್ಲೇನು ನೋಡ್ತಾ ನಿಂತಿದೀಯ, ಅದೇನು ಟಿವಿನಾ?" ಎಂದು ನಾನು ಗದರಿದ್ದಕ್ಕೆ, "ಟಿವಿ ಕನೆಕ್ಷನ್ ಕಟ್ ಮಾಡ್ಸಿದ್ದು ನೀನೇ ಅಲ್ವಾ ಇನ್‌ಸ್ಪೆಕ್ಟರೇ, ಇನ್ನೇನು ನೋಡ್ಲಿ?" ಅಂದೆಯಲ್ಲ, ಅದನ್ನು ನೆನೆದು ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದಲ್ಲಿ ಕೂತಿದ್ದವರು ಬ್ಯಾಗನ್ನು ತಮ್ಮ ಕಡೆಗೆ ಎಳೆದುಕೊಂಡರು.

ಈಗ ಮುಖ್ಯ ವಿಷಯ.

ರಜೆಯಲ್ಲಿ ಒಂದು ಸಂಜೆ ನೀನು ಮಂಚದ ತುದಿಯಲ್ಲಿ ಕೂತು, "ಸಾಲ ಕುತ್ತಿಗೆಗೆ ಬಂದಿದೆ ಮಗಳೇ. ಎಲ್ಲಾ ನಿನ್ನ ಫೀಸಿಗೆ ಆಗಿದ್ದು. ಬೇಜಾರೇನಿಲ್ಲ, ಖುಷಿಯಿಂದಾನೇ ಮಾಡಿದ್ದು. ನೀನು ತಲೆ ಕೆಡಿಸ್ಕೋಬೇಡ" ಅಂದೆ. ಆವತ್ತಿನಿಂದ ಅದನ್ನೇ ಕೆಡಿಸಿಕೊಂಡು ಕೂತಿದ್ದೇನೆ. ಬಲ್ಬು ತೆಗೆದರೆ ಎಷ್ಟು ಉಳಿದೀತು? ಅಮ್ಮನ ಹೊಲಿಗೆ ಮೆಷಿನ್ ಅಡವಿಟ್ಟ ಕಡೆಯೇ ಮುಳುಗಿಹೋಯಿತು. ಮನೆಯಲ್ಲೇ ಕೂತು ಪರದೆ ಹೊಲಿಯುತ್ತಿದ್ದವಳು ಈಗ ಅಂಗಡಿಯವರ ಮೆಷಿನ್ನಿನಲ್ಲಿ, ಅವರು ಹೇಳಿದ ಹೊತ್ತಿಗೆ, ಅವರು ಕೊಟ್ಟ ಕೂಲಿಗೆ ಹೊಲಿಯುತ್ತಾಳೆ. ಇಲ್ಲಿ ನಾನು ಫ್ಯಾನಿನ ಕೆಳಗೆ ಕೂತು ನೋಟ್ಸ್ ಬರೆಯುತ್ತೇನೆ. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬಿಲ್ಲು ಯಾವುದೆಂದು ಇನ್‌ಸ್ಪೆಕ್ಟರಿಗೆ ಕಾಣಿಸಲೇ ಇಲ್ಲ ನೋಡು. ಅದು ಇನ್‌ಸ್ಪೆಕ್ಟರೇ.

ಅದಕ್ಕೇ ಕಾಲೇಜು ಬಿಡೋಣ ಅಂದುಕೊಂಡಿದ್ದೇನೆ. ಸೀಟು ಬೇಕೋ ಬೇಡವೋ ಎಂದು ತಿಂಗಳ ಕೊನೆಯೊಳಗೆ ಹೇಳಬೇಕಂತೆ. ನನ್ನ ಹಳೆಯ ಸ್ಕೂಲಿನ ವಾರ್ಡನ್ ಮೇಡಂ ಹತ್ತಿರ ಸಣ್ಣ ಮಕ್ಕಳಿಗೆ ಸಂಜೆ ಪಾಠ ಹೇಳುವ ಕೆಲಸ ಕೇಳುತ್ತೇನೆ. ನೀನು ಏನು ಹೇಳುತ್ತೀಯ? ಬೇಗ ಫೋನ್ ಮಾಡು.

ನಿನ್ನ,
ಇನ್‌ಸ್ಪೆಕ್ಟರ್

ಮರೆತಿದ್ದೆ: ನನ್ನಿಂದ ಇಷ್ಟೆಲ್ಲ ಆದದ್ದಕ್ಕೆ ಮಾಫಿ ಮಾಡು ಅಪ್ಪ. ಈ ಪದ ನನಗೆ ಯಾಕೆ ಇಷ್ಟ ಎಂದು ನಿನಗೆ ಗೊತ್ತೇ ಇದೆ. ಏಳನೇ ಕ್ಲಾಸಿನಲ್ಲಿ ಕಾರಿಡಾರಿನ ನೀರಿನ ಫಿಲ್ಟರಿನ ನಲ್ಲಿ ನನ್ನ ಕೈಗೇ ಕಿತ್ತು ಬಂದು, ಹಾಸ್ಟೆಲ್ ಪೂರ್ತಿ ಕೆರೆಯಾಗಿ, ಇನ್ನು ಮನೆಗೆ ಅಟ್ಟುತ್ತಾರೆಂದು ನಾನು ಅತ್ತೂ ಅತ್ತೂ ಜ್ವರ ಬರಿಸಿಕೊಂಡಿದ್ದೆನಲ್ಲ. ಮರುದಿನ ವಾರ್ಡನ್ ಮೇಡಂ ಬಾಗಿಲಲ್ಲಿ ನಿಂತು, "ನಿಂಗೆ ಮಾಫಿ ಆಗಿದೆ ಕಣೇ, ಇನ್ಮೇಲೂ ಚೆನ್ನಾಗಿ ಓದ್ಕೊಂಡು ಹೋಗು" ಅಂದರು. ಈ ಕಥೆ ಪ್ರತಿ ರಜೆಯಲ್ಲೂ ಹೇಳುತ್ತೇನೆ, ನೀನು ಪ್ರತಿ ಸಲವೂ ಹೊಟ್ಟೆ ಹಿಡಿದುಕೊಂಡು ನಗುತ್ತೀಯ.


ಜನವರಿ 27
ಹಾಸ್ಟೆಲ್

ಅಪ್ಪನವರಿಗೆ,

ನಮಸ್ಕಾರ. ಈಚೆಗೆ ನಿಮ್ಮ ಕರೆಗಳನ್ನು ತೆಗೆದುಕೊಳ್ಳದೆ ಇದ್ದದ್ದಕ್ಕೆ ಕ್ಷಮೆ ಇರಲಿ. ಫೋನು ಕೆಟ್ಟಿಲ್ಲ. ಮಾತಿಗೆ ನಿಂತರೆ ನೀವು ನಗಿಸಿಬಿಡುತ್ತೀರಿ, ಅದಕ್ಕೇ ತೆಗೆಯಲಿಲ್ಲ. 'ನೀವು' ಎಂದು ಬರೆಯುತ್ತಿರುವುದನ್ನು ಗಮನಿಸಿರಬಹುದು. 'ನೀನು' ಎಂದು ಶುರು ಮಾಡಿ ಎರಡು ಹಾಳೆ ಹರಿದು ಹಾಕಿದೆ.

ನನ್ನ ಕಾಗದ ಓದಿ ನೀವು ಮಾಡಿದ ಮೊದಲ ಫೋನಿನಿಂದ ಶುರು ಮಾಡುತ್ತೇನೆ. ಕಾಲೇಜು ಬಿಡುತ್ತೇನೆಂದು ಬರೆದಿದ್ದೆನೇ ಹೊರತು, ಒಳಗೊಳಗೆ ನೀವು "ಹುಚ್ಚೀ, ಸುಮ್ನೆ ಓದು" ಎಂದು ಗದರಲಿ ಎಂದು ಕಾಯುತ್ತಿದ್ದೆ. ನೀವು ಗದರಿದರೆ ಏನೇನು ವಾದ ಮಾಡಬೇಕೆಂದು ಕೂಡ ರೆಡಿ ಮಾಡಿಕೊಂಡಿದ್ದೆ, ಸೋಲುವುದಕ್ಕೆಂದೇ. ನೀವು ಅಂದದ್ದು: "ಕಾಗದ ಓದಿ ಕಣ್ಣಲ್ಲಿ ನೀರು ಬಂತು ಮಗಳೇ. ನಿಂದು ದೊಡ್ಡ ಮನಸ್ಸು. ನಾನು ಹೂಂ ಅನ್ನಲ್ಲ, ಉಹೂಂ ಅಂತಾನೂ ಅನ್ನಲ್ಲ. ನಿನ್ನಿಷ್ಟ." ರೂಮ್‌ಮೇಟ್ ಕೇಳಿದಳು, "ಏನಂದ್ರೇ ನಿಮ್ಮಪ್ಪ?" "ದೊಡ್ಡ ಮನಸ್ಸು ಅಂದ್ರು" ಅಂದೆ. "ಅಂದ್ರೆ ಬಿಡು ಅಂದ್ರಾ, ಬೇಡ ಅಂದ್ರಾ?" ಎಂದಳು. ನನಗೂ ಗೊತ್ತಾಗಲಿಲ್ಲ.

ಆ ಭಾನುವಾರ ಹಳೆಯ ಸ್ಕೂಲಿಗೆ ಹೋದೆ. ವಾರ್ಡನ್ ಮೇಡಂ ಸ್ಟೋರ್ ರೂಮಿನಲ್ಲಿ ಒಗೆದು ಬಂದ ಬೆಡ್‌ಶೀಟುಗಳನ್ನು ಮಡಚುತ್ತಿದ್ದರು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಹಿಡ್ಕೋ. ಕಾಲೇಜಿಗೆ ಹೋದ್ಮೇಲೆ ಒಣಗಿದ ಕಡ್ಡಿ ಆಗಿದೀಯ, ಊಟ ಹಾಕಲ್ವಾ ಅಲ್ಲಿ?" ಅಂದರು. ರಾತ್ರಿ ಊಟವನ್ನು ನಾನೇ ಬಿಟ್ಟಿದ್ದೇನೆ, ಮೆಸ್ ಬಿಲ್ಲು ಇಳಿಯಲಿ ಎಂದು. ಅದನ್ನು ಅವರಿಗೆ ಹೇಳಲಿಲ್ಲ. ಕೆಲಸ ಕೇಳಿದೆ.

"ಯಾಕೇ? ಓದೋ ಹುಡುಗಿಗೆ ಏನು ಕೆಲಸ?"

"ಮನೇಲಿ ಸಾಲ ಮೇಡಂ. ನನ್ನ ಫೀಸಿಗೆ ಮಾಡಿದ್ದು. ಸ್ಕೂಲಿಂದು, ಈಗ ಕಾಲೇಜಿಂದು."

ಅವರು ಬೆಡ್‌ಶೀಟನ್ನು ಹಾಗೇ ಹಿಡಿದುಕೊಂಡು ನಿಂತರು. "ಯಾವ ಫೀಸು? ನಿಂಗೆ ಏಳನೇ ಕ್ಲಾಸಿಂದ ಪೂರ್ತಿ ಮಾಫಿ ಅಲ್ವೇನೇ? ಕ್ಲಾಸಿಗೇ ಫಸ್ಟ್ ಬಂದೆ ಅಂತ ನಮ್ಮ ಸ್ಕೂಲಿನ ಟ್ರಸ್ಟಿನೋರು ಮಾಡಿದ್ದು, ಓದು ಮುಗಿಯೋವರೆಗೂ. ಕಾಲೇಜಿಂದೂ ಅವರೇ ಕಟ್ತಿದಾರೆ. ನಾನೇ ನಿನ್ನ ಬಾಗಿಲಿಗೆ ಬಂದು ಹೇಳಿದ್ನಲ್ಲ!"

ನಾನೊಂದು ಪೆದ್ದು ನೋಡಿ, "ಅದು ಫಿಲ್ಟರಿಂದಲ್ವಾ ಮೇಡಂ?" ಎಂದು ಕೇಳಿದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬೆಡ್‌ಶೀಟಿನ ಗಂಟಿನ ಮೇಲೆ ಕೂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಅಯ್ಯೋ ದಡ್ಡಮ್ಮಾ! ಆ ನಲ್ಲಿ ಅದಕ್ಕೂ ಮುಂಚೆ ನಾಲ್ಕು ಮಕ್ಕಳ ಕೈಗೆ ಬಂದಿತ್ತು. ಅದಕ್ಕೆಲ್ಲ ಯಾರೇ ಮಾಫಿ ಕೊಡ್ತಾರೆ?" ಆಮೇಲೆ ನಗು ನಿಂತಿತು. "ನಿಮ್ಮಪ್ಪನಿಗೆ ಗೊತ್ತಲ್ಲೇ. ಟರ್ಮ್ ಟರ್ಮಿಗೂ ಬಂದು ಸೈನ್ ಹಾಕಿ ಹೋಗ್ತಾರಲ್ಲ. ಮೊದಲ್ನೇ ಸಲ ಆಫೀಸಿನೋರಿಗೆಲ್ಲ ಪೆನ್ ಕೊಟ್ಟಿದ್ರು ಪಾಪ, ಖುಷಿಗೆ."

ಸೈನ್ ಹಾಕಲು ಬರುತ್ತಿದ್ದಿರಿ. ಅದು ಈಗ ಗೊತ್ತಾಯಿತು. ಪ್ರತಿ ಟರ್ಮಿನ ಶುರುವಿನಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದು, "ನೀನು ಇಲ್ಲೇ ಇರು, ದುಡ್ಡು ಕಟ್ಟೋ ಕಿಟಕಿ ನೋಡಿದ್ರೆ ನಿಂಗೆ ಟೆನ್ಶನ್ ಆಗುತ್ತೆ" ಎಂದು ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋಗುತ್ತಿದ್ದಿರಿ. ಹಣೆ ಒರೆಸಿಕೊಳ್ಳುತ್ತ ಹೊರಗೆ ಬಂದು, "ಆಯ್ತಪ್ಪಾ, ಈ ಸಲದ್ದೂ ಕಟ್ಟಾಯ್ತು" ಎನ್ನುತ್ತಿದ್ದಿರಿ. ಆಮೇಲೆ ನನಗೆ ಐಸ್‌ಕ್ರೀಂ. ಅಷ್ಟು ದುಡ್ಡು ಕಟ್ಟಿದ ಮೇಲೂ ಅಪ್ಪ ಐಸ್‌ಕ್ರೀಂ ಕೊಡಿಸುತ್ತಾನಲ್ಲ ಎಂದು ನಾನು ಒಂದೊಂದು ಚಮಚಕ್ಕೂ ಲೆಕ್ಕ ಹಾಕುತ್ತಿದ್ದೆ. ಚಿಕ್ಕ ಕಪ್ ಸಾಕು ಅಂದರೆ ನೀವು ದೊಡ್ಡದನ್ನೇ ತರುತ್ತಿದ್ದಿರಿ.

ಹಾಗಾದರೆ ಸಾಲ ಯಾವುದರದ್ದು? ಯಾರನ್ನೂ ಕೇಳಬೇಕಾಗಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಕಣ್ಣು ಮುಚ್ಚಿಕೊಂಡು ನಮ್ಮ ಮನೆಯೊಳಗೆ ಒಂದು ಸುತ್ತು ಹಾಕಿದೆ, ಅಷ್ಟೇ. ಗೋಡೆ ತುಂಬುವ ಟಿವಿ. ಅದರ ಎರಡೂ ಪಕ್ಕ ದ್ವಾರಪಾಲಕರ ಹಾಗೆ ನಿಂತ ಸ್ಪೀಕರುಗಳು. ನೀವು ನಾಲ್ಕು ದಿನ ಓಡಿ ಬಿಟ್ಟ ಟ್ರೆಡ್‌ಮಿಲ್, ಈಗ ಅಮ್ಮ ಅದರ ಮೇಲೆ ಬಟ್ಟೆ ಒಣಹಾಕುತ್ತಾಳೆ. ಹಳೆಯದು ಚೆನ್ನಾಗಿ ಓಡುತ್ತಿರುವಾಗಲೇ ಬದಲಾಗುವ ಸ್ಕೂಟರು. ಎಲ್ಲ ಕಂತಿನ ಮೇಲೆ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ನಿಮ್ಮನ್ನು ಅಲ್ಲಿಯ ಹುಡುಗರು ಧಣಿ ಎಂದು ಕರೆಯುತ್ತಾರಲ್ಲ, ಅವರ ಟೀ, ತಿಂಡಿಯ ಬಿಲ್ಲು ಯಾವತ್ತೂ ನಿಮ್ಮದೇ. "ನಿಮ್ಮಪ್ಪನ ಕೈ ಧಾರಾಳ" ಎಂದು ಯಾರಾದರೂ ಹೇಳಿದರೆ ನನಗೂ ಕೋಡು ಮೂಡುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನೀವು ಚಾಚಿದ ಕಾಲು ಅಮ್ಮನ ಹಾಸಿಗೆಯ ಮೇಲಿತ್ತು.

ಯಾಕೆಂದರೆ ಪ್ರತಿ ಟರ್ಮಿಗೂ ಪರದೆ ಹೊಲಿದ ದುಡ್ಡನ್ನು ಅವಳು ನಿಮ್ಮ ಕೈಗೆ ಕೊಡುತ್ತಿದ್ದಳು. "ಮಗಳ ಫೀಸು, ಜೋಪಾನ" ಎಂದು ಹೇಳಿಯೇ ಕೊಡುತ್ತಿದ್ದಳು. ಕೊನೆಗೆ ಮೆಷಿನ್ ಹೋದದ್ದೂ ಫೀಸಿನ ಹೆಸರಿನಲ್ಲೇ. ಬಟ್ಟೆ ಮುಚ್ಚಿಕೊಂಡು ಅದು ಮೆಟ್ಟಿಲು ಇಳಿದಾಗ, "ಹೋಗ್ಲಿ ಬಿಡು, ಕಬ್ಬಿಣ ತಾನೇ" ಅಂದಳಂತೆ. ಅದನ್ನೂ ನನಗೆ ನೀವೇ ಹೇಳಿದ್ದು, ಅಮ್ಮನನ್ನು ಹೊಗಳುತ್ತ.

ಮಾಫಿಗೆ ಎರಡು ಅರ್ಥ ಇರುವುದು ನನಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು. ಪ್ರತಿ ರಜೆಯಲ್ಲೂ ಫಿಲ್ಟರಿನ ಕಥೆ ಹೇಳಿದಾಗ ನೀವು ಅಷ್ಟು ನಕ್ಕದ್ದು ಕಥೆಗಲ್ಲ. ನನ್ನ ಕನ್ನಡ ಕಚ್ಚಾ ಇದ್ದದ್ದರಿಂದ ನಿಮಗೆ ಅನುಕೂಲವಾಯಿತು.

ಈಗ ಮಾಡುವುದನ್ನು ಹೇಳುತ್ತೇನೆ. ಸೀಟು ಬಿಡುವುದಿಲ್ಲ. ನಿನ್ನೆ ಕಾಲೇಜಿನ ಆಫೀಸಿಗೆ ಹೋಗಿ ಹೇಳಿ ಬಂದೆ, ದುಡ್ಡು ಕಟ್ಟುವ ಕಿಟಕಿಯ ಮುಂದೆ ಈ ಸಲ ನಾನೇ ನಿಂತೆ. ರಾತ್ರಿ ಊಟಕ್ಕೂ ಹೆಸರು ಕೊಟ್ಟಿದ್ದೇನೆ. ಶನಿವಾರ ಸಂಜೆ ಮನೆಗೆ ಬರುತ್ತೇನೆ. ಅಷ್ಟರೊಳಗೆ ಅಮ್ಮನಿಗೆ ನೀವು ಹೇಳಿರಬೇಕು, ನಿಮ್ಮ ಬಾಯಿಂದ, ನಗಿಸದೆ. ಟಿವಿ, ಸ್ಪೀಕರು, ಟ್ರೆಡ್‌ಮಿಲ್ ಮಾರಿಬಿಡಿ. ಬಂದಷ್ಟು ಬರಲಿ. ಸ್ಕೂಟರನ್ನೂ ಮಾರಿ, ಅಂಗಡಿಗೆ ನಡೆದೇ ಹೋಗಬಹುದು, ಟ್ರೆಡ್‌ಮಿಲ್ ಇಲ್ಲದ ಕೊರತೆಯೂ ನೀಗುತ್ತದೆ. ಕೈಗೆ ಬಂದದ್ದರಲ್ಲಿ ಮೊದಲು ಅಮ್ಮನಿಗೆ ಒಂದು ಮೆಷಿನ್, ಹಳೆಯದಾದರೂ ಸರಿ. ಉಳಿದದ್ದು ಸಾಲಕ್ಕೆ. ಹಾಲಿನ ಎರಡನೇ ಬಲ್ಬು ಬಟ್ಟೆ ಕಪಾಟಿನ ಮೇಲಿನ ಅರೆಯಲ್ಲಿದೆ. ಅದನ್ನು ಹಾಕಿ. ಅಂಗಡಿಯಿಂದ ಬಂದ ಮೇಲೂ ಅಮ್ಮ ನಮ್ಮ ಹರಿದ ಬಟ್ಟೆಗೆಂದು ಇಷ್ಟು ದಿನ ಅರ್ಧ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಿದ್ದು ಸಾಕು.

ಕಾಗದದ ಕೊನೆಗೆ ಆಶೀರ್ವಾದ ಕೇಳಬೇಕು ಎಂದು ಸ್ಕೂಲಿನಲ್ಲಿ ಕಲಿಸಿದ್ದಾರೆ. ಕೇಳುತ್ತೇನೆ. ಆದರೆ ಕಂತಿನ ಮೇಲೆ ತಂದದ್ದು ಬೇಡ, ಸ್ವಂತದ್ದು ಎಷ್ಟಿದೆಯೋ ಅಷ್ಟೇ ಕೊಡಿ. ಆರೋಗ್ಯ ನೋಡಿಕೊಳ್ಳಿ. ಗಾಜು ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ನಿಮ್ಮ ಮಗಳು

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಹೋದ ರಜೆಯಲ್ಲಿ ನಾನು ಹೊರಡುವ ದಿನ ಅಮ್ಮ ಅಂಗಡಿಯಿಂದ ಬಂದು, ಬೆರಳು ನೀವಿಕೊಳ್ಳುತ್ತ, "ನಿನ್ನ ಓದು ನನ್ನ ಕೈನೇ ತಿಂದುಬಿಡ್ತಲ್ಲೇ" ಅಂದಳು. ಕೋಪದಿಂದಲ್ಲ, ಸುಸ್ತಿಗೆ. ನೀನು ಅಲ್ಲೇ ಕೂತು ಕಿತ್ತಳೆ ಸುಲಿಯುತ್ತಿದ್ದೆ. "ಮಗು ಮುಂದೆ ಹಾಗೆಲ್ಲ ಅನ್ಬಾರ್ದು ಕಣೇ, ಮಕ್ಕಳ ಓದಿಗೆ ಯಾರಾದ್ರೂ ಲೆಕ್ಕ ಇಡ್ತಾರಾ?" ಎಂದು ಅವಳನ್ನು ಗದರಿ, ಎಲ್ಲಕ್ಕಿಂತ ದಪ್ಪ ತೊಳೆಯನ್ನು ನನ್ನ ಕೈಗೆ ಕೊಟ್ಟೆ. ಆವತ್ತು ನಿನ್ನ ಮೇಲೆ ಬಂದಷ್ಟು ಪ್ರೀತಿ ನನಗೆ ಯಾರ ಮೇಲೂ ಬಂದಿಲ್ಲ ಅಪ್ಪ. ಅಮ್ಮನಿಗೆ ಹೋಗಿ ಬರುತ್ತೇನೆ ಎಂದು ಕೂಡ ಹೇಳದೆ ಬಸ್ಸು ಹತ್ತಿದೆ.