ಬೆಂಚಿನ ಮೇಲೆ ಹನ್ನೊಂದು ನಿಮಿಷ

ಕೇಂದ್ರ ಕಚೇರಿ, ಎರಡನೇ ಮಹಡಿ
ಮಂಗಳವಾರ, ಹದಿನಾಲ್ಕನೇ ತಾರೀಖು, ಊಟದ ಬಿಡುವು

ಪಾದ್ರಿಗಳಿಗೆ ನಿಮ್ಮ ಹೆಂಡತಿಯ, ಅಂದರೆ ನಿಮ್ಮ ದಫ್ತರದ ನಮಸ್ಕಾರಗಳು.

ನಾನು ಕ್ಷೇಮ. ನಿಮ್ಮ ಪತ್ರವೂ ಅದರೊಳಗೆ ನಾಲ್ಕಾಗಿ ಮಡಿಸಿಟ್ಟ ಒಪ್ಪಿಗೆ ಪತ್ರವೂ ಶುಕ್ರವಾರ ಕೈಸೇರಿದವು. ದ್ವೀಪದ ಕ್ರೈಸ್ತ ಸಭೆಯಲ್ಲಿ ನಿಮ್ಮನ್ನು ಇನ್ನೂ ಮೂರು ವರ್ಷ ಇಟ್ಟುಕೊಳ್ಳಲು ನೇಮಕ ಸಮಿತಿಯವರು ಪಟ್ಟು ಹಿಡಿದಿದ್ದಾರೆ, ಹೆಂಡತಿಯ ಸಹಿಯಿಲ್ಲದೆ ಅವಧಿ ಮುಂದುವರಿಸುವ ಹಾಗಿಲ್ಲ, ಮುಂದಿನ ತಿಂಗಳ ಕೊನೆಯೊಳಗೆ ಸಹಿ ಮಾಡಿ ಪ್ರಧಾನ ಕಾರ್ಯದರ್ಶಿಗಳ ಕೈಗೆ ಕೊಟ್ಟುಬಿಡು ಎಂದು ಬರೆದಿದ್ದೀರಿ. ಕೊನೆಯಲ್ಲಿ, ಎಲ್ಲಾ ದೇವರ ಚಿತ್ತ, ನಾವೇನು ಮಾಡೋಕಾಗುತ್ತೆ ಅಂತ. ನಾಲ್ಕು ವರ್ಷದ ನಿಮ್ಮ ಪತ್ರಗಳಲ್ಲಿ ಈ ಸಾಲು ಇಪ್ಪತ್ತಾರು ಸಲ ಬಂದಿದೆ. ಎಣಿಸಿದ್ದೀಯಾ ಎಂದು ಕೇಳಬೇಡಿ. ಎಣಿಸಿದ್ದೇನೆ.

ಸಮಿತಿ ಪಟ್ಟು ಹಿಡಿದಿದೆ ಎಂದಿರಲ್ಲ, ಅಲ್ಲೇ ನನ್ನ ಕಿವಿ ನಿಮಿರಿತು. ಆ ಸಮಿತಿಯ ನಡಾವಳಿ ಬರೆಯುವವಳು ನಾನು. ಮೂವತ್ತೊಂದು ದೇಶಗಳ ಸಭೆಗಳಲ್ಲಿ ಯಾವ ಪಾದ್ರಿ ಯಾವ ಊರಿಗೆ ಹೋಗಬೇಕು, ಯಾವ ಬಿಷಪ್ಪರಿಗೆ ಯಾವಾಗ ವಿಶ್ರಾಂತಿ, ಎಲ್ಲವೂ ನನ್ನ ಪೆನ್ನಿನಡಿ ಹಾದೇ ಹೋಗುತ್ತದೆ. ನಿಮ್ಮ ವಿಷಯವೊಂದು ಮಾತ್ರ ಹಾದುಹೋಗುವುದಿಲ್ಲ. ನೆಂಟರ ವಿಷಯ ಬಂದಾಗ ನೆಂಟರು ಎದ್ದು ಹೊರಗೆ ಹೋಗಬೇಕು, ಅಷ್ಟು ಹೊತ್ತಿನ ನಡಾವಳಿಯನ್ನು ಸಮಿತಿಯ ಹೊಸ ಸದಸ್ಯರು ಹಳದಿ ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ ಅರಗು ಒತ್ತಬೇಕು. ನಿಯಮ ಗೊತ್ತಲ್ಲ.

ನಾಲ್ಕು ವರ್ಷದ ಹಿಂದೆ ನಾನು ಹಾಗೇ ಎದ್ದು ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಹನ್ನೊಂದು ನಿಮಿಷ ಕೂತಿದ್ದೆ. ಗಾಜಿನ ಬಾಗಿಲಾಚೆ ಅವರು ನಗುವುದು ಕಾಣುತ್ತಿತ್ತು, ಏನಂತ ಕೇಳುತ್ತಿರಲಿಲ್ಲ. ಒಳಗೆ ಕರೆದಾಗ ನೀವು ಎರಡು ಸಮುದ್ರದಾಚೆ, ನಾನು ಇಲ್ಲೇ ಎಂದು ತೀರ್ಮಾನವಾಗಿತ್ತು. ಪತ್ನಿಯ ಸೇವೆ ಕೇಂದ್ರ ಕಚೇರಿಗೆ ಅತ್ಯಗತ್ಯವಂತೆ. ಹೊಗಳಿ ಹೊಂಡಕ್ಕೆ ತಳ್ಳಿದ್ದಾರೆ ಎಂದುಕೊಂಡು ಹಲ್ಲು ಕಚ್ಚಿಕೊಂಡು ಕೂತೆ.

ಅವತ್ತಿನಿಂದ ಆ ಮೇಜಿನ ಸುತ್ತ ಕೂತವರಲ್ಲಿ ಯಾರನ್ನೂ ನಾನು ನಂಬಿಲ್ಲ. ಮೊದಲು ಮಹಿಳಾ ವಿಭಾಗದ ಅಧ್ಯಕ್ಷೆಯ ಮೇಲೆ ಅನುಮಾನ. ನನ್ನನ್ನೂ ನಿಮ್ಮ ಹಿಂದೆ ಸಾಗಹಾಕಿ ತಂಗಿಯ ಮಗಳನ್ನು ನನ್ನ ಕುರ್ಚಿಯಲ್ಲಿ ಕೂರಿಸುವ ಹಂಚಿಕೆ ಆಕೆಯದು ಎಂದುಕೊಂಡಿದ್ದೆ. ಆದರೆ ನಾನು ಕುರ್ಚಿಯಲ್ಲೇ ಉಳಿದೆ, ಲೆಕ್ಕ ತಾಳೆಯಾಗಲಿಲ್ಲ. ಆಮೇಲೆ ಬಿಷಪ್ಪರ ಮೇಲೆ. ಮಹಾಸಭೆಯಲ್ಲಿ ಜನ ಅವರ ಉಪದೇಶ ಪ್ರಸಂಗಕ್ಕೆ ಆಕಳಿಸಿ ನಿಮ್ಮ ಪ್ರಸಂಗಕ್ಕೆ ಕಣ್ಣೊರೆಸಿಕೊಂಡಿದ್ದರು. ಕೊನೆಗೆ ಪ್ರಧಾನ ಕಾರ್ಯದರ್ಶಿಗಳ ಮೇಲೆ ಬಂದು ನಿಂತೆ. ಆ ದಿನದಿಂದ ಅವರು ನನ್ನ ಮುಖವನ್ನು ನೆಟ್ಟಗೆ ನೋಡುತ್ತಿರಲಿಲ್ಲ, ಅದಕ್ಕಿಂತ ಸಾಕ್ಷಿ ಇನ್ನೇನು ಬೇಕು?

ಸೇಡು ತೀರಿಸಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಪೆನ್ನೊಂದೇ. ನಮ್ಮ ನಡಾವಳಿಯಲ್ಲಿ ಯಾರು ಏನಂದರು ಎಂದು ಬರೆಯುವ ಹಾಗಿಲ್ಲ, ಸಮಿತಿಯು ತೀರ್ಮಾನಿಸಿತು ಎಂದಷ್ಟೇ. ಆದರೆ ಯಾರು ಎಷ್ಟು ಹೊತ್ತಿಗೆ ಬಂದರು ಎಂದು ಬರೆಯಬಹುದು. ಪ್ರಧಾನ ಕಾರ್ಯದರ್ಶಿಗಳಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ಪ್ರತಿ ಸಭೆಯಲ್ಲೂ, ಪ್ರಧಾನ ಕಾರ್ಯದರ್ಶಿಗಳು ಏಳು ನಿಮಿಷ ತಡವಾಗಿ ಆಗಮಿಸಿದರು, ಒಂಬತ್ತು ನಿಮಿಷ ತಡವಾಗಿ ಆಗಮಿಸಿದರು ಎಂದು ಬರೆದೆ. ಮೂವತ್ತೊಂದು ದೇಶಗಳಲ್ಲಿ, ಮೂರು ಭಾಷೆಗಳಲ್ಲಿ ಅದನ್ನು ಓದಿದರು. ಅವರು ಪ್ರತಿ ಸಲ ಓದಿ ನೋಡಿ, ಒಂದಕ್ಷರವನ್ನೂ ತಿದ್ದದೆ ಸಹಿ ಹಾಕುತ್ತಿದ್ದರು.

ನಿಮ್ಮ ಪತ್ರ ಬಂದ ಮೇಲೆ ತಡೆಯಲಾಗಲಿಲ್ಲ. ಅರಗು ಒಡೆಯುವ ಧೈರ್ಯವಿರಲಿಲ್ಲ. ಆದರೆ ಆ ನಿಯಮ ಮಾಡಿದ ಹಿರಿಯರು ಒಂದು ಮಾತು ಮರೆತಿದ್ದಾರೆ. ಹಳದಿ ಹಾಳೆಯೂ ಮೂರು ಭಾಷೆಗಳಲ್ಲಿ ಆಗಬೇಕಲ್ಲ. ಮೂಲಕ್ಕೆ ಅರಗು, ಅನುವಾದಗಳಿಗೆ ಬರೀ ಪಿನ್ನು! ನಿನ್ನೆ ಬೆಳಿಗ್ಗೆ ಕೆಳಗಿನ ಅನುವಾದಕರ ಕೋಣೆಗೆ ಹೋಗಿ, ಹಾಡಿನ ಪುಸ್ತಕ ಸಮಿತಿಯ ಹಳೆಯ ಠರಾವೊಂದನ್ನು ನೋಡಬೇಕು ಎಂದೆ. ಪಾಪ, ಅನುವಾದಕಿ ಆ ವರ್ಷದ ಕಡತವನ್ನೇ ಎತ್ತಿಕೊಟ್ಟು ಟೀ ತರಲು ಹೋದಳು. ಇಪ್ಪತ್ತು ವರ್ಷದ ಸೇವೆಯಲ್ಲಿ ಈ ಕಟ್ಟಡದೊಳಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಆ ಅನುವಾದದ ಭಾಷೆ ನನಗೆ ಅರೆಬರೆ ಬರುತ್ತದೆ. ನಿಘಂಟು ತೆರೆದುಕೊಂಡು ಒಂದೊಂದೇ ಪದ ಬಿಡಿಸಿದೆ. ಬರೆದ ಸದಸ್ಯರು ಹೊಸಬರಲ್ಲವೇ, ಹೆಸರು ಹಾಕಬಾರದು ಎಂದು ಅವರಿಗೆ ಗೊತ್ತೇ ಇರಲಿಲ್ಲ, ಯಾರು ಏನಂದರು ಎಂದು ಸಾಲುಸಾಲಾಗಿ ಬರೆದಿದ್ದಾರೆ. ದೂರದ ನೇಮಕ ಬೇಕೆಂದು ಪಾದ್ರಿಗಳೇ ಬರೆದುಕೊಂಡ ಪತ್ರವನ್ನು ಓದಲಾಯಿತು. ಪತ್ನಿ ಜೊತೆಗೆ ಬರುವುದು ಬೇಡವೆಂದೂ, ಈ ಕೋರಿಕೆ ಆಕೆಗೆ ತಿಳಿಯಬಾರದೆಂದೂ ಅವರು ಕೇಳಿಕೊಂಡಿದ್ದಾರೆ. ಮನೆಯಲ್ಲಿ ತಾವು ಆಡಿದ ಪ್ರತಿ ಮಾತೂ ತಾರೀಖು ಸಮೇತ ಜಮೆಯಾಗಿ ತಿರುಗಿ ಬರುತ್ತದೆ, ಕೆಲವು ವರ್ಷವಾದರೂ ತಮ್ಮ ಮಾತನ್ನು ಯಾರೂ ನೆನಪಿಟ್ಟುಕೊಳ್ಳದ ಕಡೆ ಇರಬೇಕು ಎಂದಿದ್ದಾರೆ. ಹೆಂಡತಿಗೆ ಹೇಳದೆ ಹೀಗೆ ಮಾಡುವುದು ತಪ್ಪು ಎಂದು ಪ್ರಧಾನ ಕಾರ್ಯದರ್ಶಿಗಳು ಎರಡು ಸಲ ವಿರೋಧಿಸಿದರು. ಪಾದ್ರಿಗಳ ಕೋರಿಕೆಯನ್ನು ಗೌರವಿಸಲಾಯಿತು.

ನಿಘಂಟಿನಲ್ಲಿ ತಪ್ಪಿರಬೇಕು ಎಂದುಕೊಂಡು ಇನ್ನೊಂದು ನಿಘಂಟು ತೆಗೆದೆ.

ಆಮೇಲೆ ನೆಟ್ಟಗೆ ಪ್ರಧಾನ ಕಾರ್ಯದರ್ಶಿಗಳ ಕೋಣೆಗೆ ಹೋಗಿ, ಮಾಡಿದ್ದನ್ನೆಲ್ಲಾ ಹೇಳಿದೆ. ಕೆಲಸ ಹೋದರೆ ಹೋಗಲಿ ಎಂದೇ ಹೋಗಿದ್ದೆ. ಅವರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. ಕೂತ್ಕೊಳ್ಳಮ್ಮ ಅಂದರು. ಮಾತು ಕೊಟ್ಟುಬಿಟ್ಟಿದ್ದೆ, ಬಾಯಿ ಬಿಡೋ ಹಾಗಿರಲಿಲ್ಲ, ನಿನ್ನ ಮುಖ ನೋಡಿದರೆ ಎಲ್ಲಿ ಹೇಳಿಬಿಡ್ತೀನೋ ಅಂತ ಭಯ ಆಗ್ತಿತ್ತು ಅಂದರು. ಅವತ್ತು ಗಾಜಿನ ಬಾಗಿಲಾಚೆ ಎಲ್ಲರೂ ನಕ್ಕಿದ್ದೇಕೆ ಎಂದು ಕೇಳಿದೆ. ಸಮಿತಿಯ ಅಧ್ಯಕ್ಷರ ಕುರ್ಚಿಯ ಕಾಲು ಮುರಿದಿತ್ತಂತೆ. ಮುಂದಿನ ಮೂರು ವರ್ಷದ ವಿಷಯ ಕೇಳಿದರೆ ಮೇಜಿನ ಮೇಲಿದ್ದ ಒಂದು ಕಡತವನ್ನು ನನ್ನ ಕಡೆ ಸರಿಸಿದರು. ಸಮಿತಿ ಏನನ್ನೂ ಕೇಳಿಲ್ಲ, ನಿಮ್ಮದೇ ಅರ್ಜಿ ಬಂದು ಎರಡು ತಿಂಗಳಾಯಿತು ಎಂದು ಅದರ ಮೇಲಿನ ತಾರೀಖಿನಿಂದಲೇ ತಿಳಿಯಿತು. ಅವರ ಮೊಣಕಾಲಿನ ಬಗ್ಗೆ ಕ್ಷಮೆ ಕೇಳಿ ಹೊರಗೆ ಬಂದೆ, ಮೆಟ್ಟಿಲ ಮೇಲೆ ಅಳು ಬಂತು.

ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ ಈ ಕಾಗದ ಮೂರನೆಯದು, ಮೊದಲೆರಡನ್ನು ಹರಿದೆ. ನೀವು ಹೋಗಬೇಕೆಂದಿದ್ದು ಒಂದು ನೋವು. ದೇವರ ಮೇಲೆ ಭಾರ ಹಾಕಿ ಇಪ್ಪತ್ತಾರು ಸಲ ನನ್ನ ಕಣ್ಣಿಗೆ ಮಣ್ಣೆರಚಿದ್ದು ಇನ್ನೊಂದು. ಮುಖಕ್ಕೆ ಮುಖ ಕೊಟ್ಟು ಹೇಳಿದ್ದರೆ ಜಗಳವಾಡುತ್ತಿದ್ದೆ, ಆದರೆ ನಾಲ್ಕು ವರ್ಷ ಒಬ್ಬ ಒಳ್ಳೆಯ ಮನುಷ್ಯನನ್ನು ಗೋಳು ಹೊಯ್ದುಕೊಳ್ಳುತ್ತಿರಲಿಲ್ಲ.

ಮೊದಲ ವರ್ಷ ಪ್ರತಿ ಪತ್ರದಲ್ಲೂ ಅಲ್ಲಿ ಪಿಯಾನೊ ನುಡಿಸುವ ವಿಧವೆಯ ಮಾತಿರುತ್ತಿತ್ತು, ಆಮೇಲೆ ಒಂದು ಸಲವೂ ಇಲ್ಲ. ಮಾತು ಬಂದಾಗ ಅಲ್ಲ, ನಿಂತಾಗಲೇ ನಾನು ಹಳೆಯ ಪತ್ರಗಳನ್ನೆಲ್ಲಾ ತೆಗೆದು ಮತ್ತೆ ಓದಿದ್ದು. ಇದನ್ನು ಬರೆಯಬಾರದೆಂದು ಬೆಳಿಗ್ಗೆಯೇ ನಿಶ್ಚಯಿಸಿದ್ದೆ. ನೋಡಿ, ಬರೆದುಬಿಟ್ಟೆ. ನೀವು ಓಡಿಹೋದದ್ದು ನನ್ನ ಈ ಲೆಕ್ಕ ಇಡುವ ಬುದ್ಧಿಯಿಂದಲೇ ಇರಬೇಕು. ನಿನ್ನೆ ರಾತ್ರಿಯ ಊಟಕ್ಕೆ ಕೂತಾಗ, ಮದುವೆಯಾದ ಮೂರನೇ ವರ್ಷ ನಿಮ್ಮ ತಂಗಿಯ ಮನೆಯಲ್ಲಿ ನೀವು ನನ್ನ ಬಗ್ಗೆ ಆಡಿದ ಒಂದು ಮಾತು ನೆನಪಾಯಿತು. ವಾರ ಯಾವುದು, ನೀವು ಯಾವ ಅಂಗಿ ಹಾಕಿದ್ದಿರಿ, ಎಲ್ಲಾ ನೆನಪಾಯಿತು. ಇಂಥವಳ ಜೊತೆ ಒಂದೇ ಮೇಜಿನಲ್ಲಿ ಹದಿನೇಳು ವರ್ಷ ಊಟ ಮಾಡುವುದು ಸುಲಭವಲ್ಲ ಎಂದು ಮೊದಲ ಸಲ ಅನ್ನಿಸಿತು. ನೀವು ಮಾಡಿದ್ದು ಸರಿ ಎಂದು ಮಾತ್ರ ನಾನು ಹೇಳುವುದಿಲ್ಲ.

ನಾನು ಬದಲಾಗಿದ್ದೇನೆ ಎಂದು ಮಾತು ಕೊಡಲಾರೆ. ನೀವು ಇಲ್ಲದ ಮನೆಯಲ್ಲಿ ನೆನಪಿಟ್ಟುಕೊಳ್ಳಲು ಏನೂ ನಡೆಯುವುದಿಲ್ಲ, ಅಷ್ಟು ಗೊತ್ತು. ಬಿಡುವು ಮುಗಿಯಿತು, ಸಮಿತಿಯವರು ಒಳಗೆ ಹೋಗುತ್ತಿದ್ದಾರೆ. ಆರೋಗ್ಯ ನೋಡಿಕೊಳ್ಳಿ.

ಇಂತಿ,
ನೀವೇ ಹೆಸರಿಟ್ಟ
ದಫ್ತರ

ತಾ.ಕ.: ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದೇನೆ. ಪ್ರಧಾನ ಕಾರ್ಯದರ್ಶಿಗಳಿಗೆ ಕೊಡದೆ ಇದರ ಜೊತೆ ನಿಮಗೇ ಕಳಿಸುತ್ತಿದ್ದೇನೆ. ಕೊನೆಯ ದಿನದೊಳಗೆ ಅದು ಇಲ್ಲಿಗೆ ತಲುಪಿದರೆ ನಿಮಗೆ ಇನ್ನು ಮೂರು ವರ್ಷ, ತಲುಪದಿದ್ದರೆ ನಿಯಮದಂತೆ ನೀವು ಮನೆಗೆ ಬರಬೇಕು. ಅಂಚೆಯಲ್ಲಿ ಕಳೆದುಹೋಯಿತು ಎಂದು ನೀವು ಹೇಳಿದರೆ ನಾನು ನಂಬುತ್ತೇನೆ.