ಮೊಗ್ಗು ಕಣ್ಣು ಬಿಡುವ ಮೊದಲು

ಫೆಬ್ರುವರಿ ೧೧, ಮಂಗಳವಾರ

ಮಗಳೇ,

ಸೊಸೆ ಎಂದು ಬರೆದು, ಹೊಡೆದುಹಾಕಿ, ಹೀಗೆ ಬರೆದಿದ್ದೇನೆ. ಹಾಗೆ ಕರೆಯುವ ಹಕ್ಕು ನನಗಿಲ್ಲ ಎನಿಸಿದರೆ ಆ ಪದ ಬಿಟ್ಟು ಮುಂದಕ್ಕೆ ಓದು. ಕಾಗದವನ್ನು ಮಾತ್ರ ಹರಿಯಬೇಡ.

ಇಲ್ಲಿ ಚಳಿ ಕೊನೆಯ ಹಟ ಹಿಡಿದು ಕೂತಿದೆ. ತೋಟದ ಕೆಲಸ ಶುರುಮಾಡಿದ್ದೇನೆ. ಗುಲಾಬಿಯ ಮುದಿ ಕಡ್ಡಿಗಳನ್ನು ಬುಡಕ್ಕೇ ತೆಗೆದು, ಉಳಿದವನ್ನು ಹೊರಮುಖದ ಚಿಗುರುಗಣ್ಣಿನ ಮೇಲೆ ಓರೆಯಾಗಿ ಕತ್ತರಿಸಿದೆ. ಮೊದಲ ವರ್ಷ ನೀನು ಒಳಮುಖದ ಕಣ್ಣುಗಳನ್ನೇ ಉಳಿಸಿ, ಗಿಡಗಳೆಲ್ಲ ಸಿಕ್ಕುಗಟ್ಟಿದ ತಲೆಯಂತಾಗಿದ್ದು ನೆನಪಿದೆಯೇ? ನಾನು ಬೈದೆ, ನನ್ನ ಮಗ ನಿನ್ನ ಪರ ವಹಿಸಿಕೊಂಡು ನಕ್ಕ. ಕುಂಡಗಳನ್ನು ಬಿಸಿನೀರಲ್ಲಿ ಉಜ್ಜಿ ಬೋರಲು ಹಾಕಿದ್ದೇನೆ. ಗೊಬ್ಬರದ ಗುಡ್ಡೆಯನ್ನು ಮಗುಚಿದರೆ ಒಳಗಿನಿಂದ ಹಬೆ ಏಳುತ್ತದೆ. ಹಿಂದಿನ ಉದ್ದನೆಯ ಮಡಿಯೊಂದನ್ನು ಮಾತ್ರ ಮುಟ್ಟಿಲ್ಲ. ಅವನು ಹೋದಾಗಿನಿಂದ, ಈ ಎರಡು ವರ್ಷ, ಮುಟ್ಟಿಲ್ಲ.

ಅಗೆದು ಮುಗಿಸಿದ ಮೇಲೆ ಅವನು ಹಿತ್ತಿಲ ಮೆಟ್ಟಿಲ ಕಲ್ಲಿಗೆ ಆ ನಾಲ್ಕು ಹಲ್ಲಿನ ಸಲಿಕೆಯನ್ನು ಮೂರು ಸಲ ಕೆರೆದು ಮಣ್ಣು ಬಿಡಿಸುತ್ತಿದ್ದನಲ್ಲ, ಆ ಸದ್ದು ಹೋದ ವಾರದಿಂದ ಕೇಳುತ್ತಿದೆ. ದಿನಾ ಸಂಜೆ ನಾಲ್ಕಕ್ಕೆ, ಬೆಳಕು ಚೆನ್ನಾಗಿ ಇರುವಾಗಲೇ. ಮೂರು ಸಲ. ಆಮೇಲೆ ಗಪ್‌ಚಿಪ್. ಬಾಗಿಲು ತೆರೆದರೆ ಕಲ್ಲು ಒಣಗಿರುತ್ತದೆ. ಆ ಸಲಿಕೆಯನ್ನು ನಾನು ಅವನು ಹೋದ ತಿಂಗಳೇ ಗುಜರಿಯವನಿಗೆ ಕೊಟ್ಟಾಗಿತ್ತು. ವಯಸ್ಸಾಯಿತು, ಕಿವಿ ಆಟವಾಡಿಸುತ್ತಿದೆ ಎಂದುಕೊಂಡೆ. ಶುಕ್ರವಾರ ಪಕ್ಕದ ಮನೆಯ ಟೈಲರಮ್ಮ ಗೋಡೆಯ ಮೇಲಿಂದ ಇಣುಕಿ, “ಹಿಂದ್ಗಡೆ ಕೆಲಸಕ್ಕೆ ಯಾರನ್ನಾದ್ರೂ ಇಟ್ಕೊಂಡ್ರಾ? ದಿನಾ ಕಲ್ಲಿಗೆ ಏನೋ ಉಜ್ಜೋ ಸದ್ದು ಬರುತ್ತಲ್ಲ,” ಎಂದಳು.

ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಅವಳ ಮುಂದೆ ಕಕ್ಕಿಬಿಟ್ಟೆ.

ನಿನಗೆ ಗೊತ್ತಿರುವುದೇ. ಆದರೂ ನನ್ನ ಕೈಬರಹದಲ್ಲಿ ಇರಲಿ. ಆ ಸಲಿಕೆಯ ಹಲ್ಲು ಬೂಟು ತೂರಿ ಅವನ ಪಾದಕ್ಕೆ ಚುಚ್ಚಿದಾಗ ನೀನು, “ಅತ್ತೆ, ಈಗ್ಲೇ ಹೋಗಿ ಇಂಜೆಕ್ಷನ್ ಹಾಕಿಸ್ಕೊಂಡು ಬರ್ತೀವಿ,” ಎಂದೆ. ನೀನಾಗಲೇ ಚಪ್ಪಲಿ ಮೆಟ್ಟಿದ್ದೆ. ನಾನು, “ಸೂಜಿ ಮೊನೆಯಷ್ಟು ಗಾಯಕ್ಕೆ ಆಸ್ಪತ್ರೆನಾ? ಮೊದ್ಲು ಮಡಿ ಮುಗೀಲಿ. ಮೊಗ್ಗು ಕಣ್ಣು ಬಿಟ್ಮೇಲೆ ಗಿಡ ಕಿತ್ತು ನೆಡೋಕಾಗಲ್ಲ,” ಎಂದೆ. ಅವನು ನನ್ನ ಮುಖ ನೋಡಿದ, ನಿನ್ನ ಮುಖ ನೋಡಿದ, ಕುಂಟುತ್ತ ಮಡಿಗಿಳಿದ. ನನ್ನ ಮಾತು ಮೀರುವ ಮಗನಲ್ಲ ಎಂದು ಒಳಗೊಳಗೇ ಬೀಗಿದೆ. ಅದನ್ನೂ ಬರೆಯಬೇಕು. ಎಂಟನೆಯ ದಿನ ಧನುರ್ವಾಯುವಿಗೆ ಅವನ ದವಡೆ ಬಿಗಿಯಿತು.

ಎಲ್ಲ ಮುಗಿದ ಮೇಲೆ, ನೆಂಟರೆಲ್ಲ ಕೂತಿದ್ದ ಕೋಣೆಯಲ್ಲಿ ಯಾರೋ, “ಡಾಕ್ಟರ ಹತ್ರ ಮೊದ್ಲೇ ಯಾಕೆ ಹೋಗ್ಲಿಲ್ಲ?” ಎಂದರು. ನಾನು ಬೆರಳೆತ್ತಿ ನಿನ್ನನ್ನು ತೋರಿಸಿದೆ. “ಹೆಂಡತಿ ಅನ್ನಿಸ್ಕೊಂಡವಳಿಗೆ ಗಮನ ಬೇಡ್ವಾ?” ಎಂದೆ. ನೀನು ತುಟಿ ಪಿಟಕ್ ಎನ್ನಲಿಲ್ಲ. ಎದುರಾಡಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆನೇನೋ.

ನಿನ್ನೆ ನಿಮ್ಮಣ್ಣ ಕೆಲಸ ಮಾಡುವ ಬಸ್ ಡಿಪೋಗೆ ಹೋದೆ. ಹತ್ತು ಜನರೆದುರು ಸುಳ್ಳು ಹೇಳಿದವಳು ಹತ್ತು ಜನರೆದುರೇ ಸರಿಮಾಡಬೇಕು ಎಂದು, ಡ್ರೈವರುಗಳು ಚಹಾ ಕುಡಿಯುತ್ತಿದ್ದ ಬೆಂಚಿನ ಮುಂದೆಯೇ ನಿಂತು ಹೇಳಿದೆ. ನಿಮ್ಮಣ್ಣ ಲೋಟ ಕೆಳಗಿಟ್ಟ. ಆಮೇಲೆ ಒಂದು ಹಳೆಯ ಟಿಕೆಟ್ಟಿನ ಬೆನ್ನಿಗೆ ನಿನ್ನ ವಿಳಾಸ ಗೀಚಿಕೊಟ್ಟ. “ಬರೀರಿ. ಉತ್ತರ ಬರುತ್ತೆ ಅಂತ ಮಾತ್ರ ಕಾಯ್ಬೇಡಿ,” ಎಂದ.

ನಿಜ ಹೇಳಿದ ಮೇಲಾದರೂ ಸದ್ದು ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಇವತ್ತೂ ನಾಲ್ಕಕ್ಕೆ ಕೇಳಿತು. ಬಾಗಿಲು ತೆರೆಯದೆ ಒಳಗಿನಿಂದಲೇ, “ಸಾಕು ಕಣಪ್ಪ. ಬಾ, ಕೂತ್ಕೋ,” ಎಂದೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ನಾಲ್ಕನೆಯ ಸಲ ಕೆರೆಯಿತು.

ನಾಳೆಯಿಂದ ಆ ಮಡಿಯನ್ನು ನಾನೇ ಅಗೆಯುತ್ತೇನೆ. ಮಂಡಿ ಬಗ್ಗುವುದಿಲ್ಲ, ಮಣೆ ಹಾಕಿಕೊಂಡು ಕೂತು ಕೈಸಲಿಕೆಯಲ್ಲೇ ಮಾಡಬೇಕು. ವಾರ ಹಿಡಿದೀತು. ನಿನ್ನನ್ನು ಬಾ ಎಂದು ಕರೆಯುವುದಿಲ್ಲ, ಅಷ್ಟು ಮುಖ ಉಳಿದಿಲ್ಲ ನನಗೆ. ಚಳಿಯಲ್ಲಿ ಕಿವಿಗೆ ಬಟ್ಟೆ ಸುತ್ತಿಕೊಂಡು ಓಡಾಡು. ನಿನಗೆ ಬೇಗ ನೆಗಡಿ ಹಿಡಿಯುತ್ತದೆ.

ಇಂತಿ,
ನಿನಗೆ ಅತ್ತೆಯಾಗಿದ್ದವಳು

ತಾ.ಕ.: ಇಷ್ಟು ಬರೆದೂ ಒಂದನ್ನು ಮುಚ್ಚಿಟ್ಟೆ. ಆಸ್ಪತ್ರೆಯಲ್ಲಿ ಆ ಕೊನೆಯ ಬೆಳಿಗ್ಗೆ ನೀನು ಔಷಧಿ ತರಲು ಕೆಳಗೆ ಹೋಗಿದ್ದೆ. ಓಡಿಬರುವಷ್ಟರಲ್ಲಿ ಅವನಿರಲಿಲ್ಲ. “ಏನಾದ್ರೂ ಹೇಳಿದ್ರಾ?” ಎಂದು ನೀನು ಕೇಳಿದೆ. “ಬಾಯೇ ಬಿಡೋಕಾಗ್ದವನು ಏನು ಹೇಳ್ತಾನೆ?” ಎಂದೆ ನಾನು. ಬಾಯಿ ಬಿಡಲಿಲ್ಲ, ನಿಜ. ಆದರೆ ನನ್ನ ಅಂಗೈ ಹಿಡಿದು ಬೆರಳಿನಿಂದ ಬರೆದ. ಅಮ್ಮ ಎಂದು ಬರೆಯುತ್ತಾನೆ ಎಂದು ಕಾದೆ. ಬರೆದದ್ದು ‘ಗುಬ್ಬಿ’. ನಿನ್ನನ್ನು ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ. ಎರಡು ಸಲ ಬರೆದ. ಮೂರನೆಯ ಸಲ ಬರೆಯಲು ಬಂದಾಗ ನಾನು ಮುಷ್ಟಿ ಮುಚ್ಚಿಕೊಂಡೆ.